ಸಾಕ್ಷಿ ಹೇಳಲು ಪುಣೆಗೆ ಹೋದದ್ದು

ಮದುವೆಯ ಊಟದ ಪಂಕ್ತಿಯಲ್ಲಿ ಆಡಿದ ಮಾತಿಗೆ ಯಾರೂ ಪುರಾವೆ ಕೇಳುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಆ ನಂಬಿಕೆ ಹೋದದ್ದು ಧಾರವಾಡದ ಒಂದು ಮದುವೆಯಿಂದ. ಪಕ್ಕದ ಎಲೆಗೆ ಕೂತಿದ್ದವರು ಪುಣೆಯ ಮಂದಾಕಿನಿ ದೇಸಾಯಿ. ಅವರ ಆಚೆ ಕೂತಿದ್ದ ಗಂಡ ಪ್ರಹ್ಲಾದ ನನ್ನ ಹಳೆಯ ಗೆಳೆಯ. ಮೂವತ್ತೈದು ವರ್ಷಗಳ ಹಿಂದೆ ನಾನು ಪುಣೆಯಲ್ಲಿ ತರ್ಕಶಾಸ್ತ್ರ ಓದುವಾಗ ಅವನ ಮನೆಯ ಮಹಡಿಯ ಕೋಣೆಯಲ್ಲಿ ಎರಡು ವರ್ಷ ಇದ್ದೆ. ಮಂದಾಕಿನಿ ತಮ್ಮ ಭಾನುವಾರದ ತಿರುಗಾಟದ ಬಗ್ಗೆ ಹೇಳುತ್ತಿದ್ದರು. ಅವರದು ನಿವೃತ್ತರ ಒಂದು ಗುಂಪು. ಯಾರೂ ಕಾರು ತರುವಂತಿಲ್ಲ. ಊರ ಬಸ್ಸು ಹತ್ತಬೇಕು, ಕೊನೆಯ ಸ್ಟಾಪಿನಲ್ಲಿ ಇಳಿಯಬೇಕು, ಅಲ್ಲಿಂದ ಕಾಡಿನೊಳಗೋ ನದಿಯ ದಂಡೆಗೋ ನಡೆದುಹೋಗಿ ಮಧ್ಯಾಹ್ನದ ಹೊತ್ತಿಗೆ ಬಸ್ಸಿನಲ್ಲೇ ಮನೆ ಸೇರಬೇಕು. ಅವರು ಒಂದು ಸ್ಟಾಪಿನ ಹೆಸರು ಹೇಳಿದರು. ನಾನು ತಟ್ಟನೆ, "ಅಲ್ಲಿ ನಾನೂ ನಡೆದಿದ್ದೀನಿ, ಪ್ರಹ್ಲಾದನ ಜೊತೆ. ಸ್ಟಾಪಿನಿಂದ ಕಾಲುದಾರಿ, ಎಡಕ್ಕೆ ದೊಡ್ಡ ಆಲದಮರ, ಆಮೇಲೆ ಕಲ್ಲಿನ ಮೆಟ್ಟಿಲು, ನೇರ ಮುಠಾ ನದಿಗೇ ಇಳಿಯುತ್ತೆ" ಎಂದೆ. ಅಷ್ಟರಲ್ಲಿ ಎರಡನೆಯ ಸುತ್ತಿನ ಹೋಳಿಗೆ ಬಂತು. ಮಾತು ಅಲ್ಲಿಗೆ ನಿಂತಿತು.

ಈ ಜುಲೈಯಲ್ಲಿ ಮಂದಾಕಿನಿಯವರ ಫೋನು.

"ಮೂರ್ತಿಯವರ, ನೀವು ಆ ದಾರಿ ನಡದೀರಲ್ಲಾ, ಅದನ್ನ ಬಂದು ಹೇಳಬೇಕ್ರಿ. ಬುಧವಾರ ತಹಶೀಲ್ದಾರ ಆಫೀಸಿನವರು ಜಾಗಾ ನೋಡ್ಲಿಕ್ಕೆ ಬರ್ತಾರ."

ವಿಷಯ ಹೀಗಿತ್ತು. ಆ ಸ್ಟಾಪಿಗೂ ಕಾಡಿಗೂ ನಡುವೆ ಹತ್ತು ಹನ್ನೆರಡು ವರ್ಷಗಳ ಹಿಂದೆ ಒಂದು ಹೌಸಿಂಗ್ ಸೊಸೈಟಿ ಎದ್ದಿದೆ. ಈಗ ಅವರು ದಾರಿಗೆ ಅಡ್ಡಲಾಗಿ ಗೇಟು ಹಾಕಿದ್ದಾರೆ. ಇಲ್ಲಿ ಮುಂಚೆ ದಾರಿಯೇ ಇರಲಿಲ್ಲ, ನಾವು ಬಂದಮೇಲೆ ಜನ ನಮ್ಮ ಜಾಗ ತುಳಿದು ಮಾಡಿಕೊಂಡದ್ದು ಎನ್ನುವುದು ಅವರ ವಾದ. ನದಿಯ ದಂಡೆಯಲ್ಲಿ ಹದಿನೈದಿಪ್ಪತ್ತು ಮನೆಗಳ ಒಂದು ವಾಡಿ ಇದೆ. ದಾರಿ ಮೊದಲಿನಿಂದಲೂ ಇತ್ತು ಎಂದು ವಾಡಿಯವರು ಹೇಳಿದರೆ, ನಿಮ್ಮ ಅನುಕೂಲಕ್ಕೆ ಹೇಳುತ್ತೀರಿ ಎನ್ನುತ್ತಾರೆ. ಲಾಭ ನಷ್ಟ ಯಾವುದೂ ಇಲ್ಲದ ಹೊರಗಿನವನೊಬ್ಬ ಬೇಕು. ಮೈಸೂರಿನಲ್ಲಿರುವ ನಿವೃತ್ತ ತರ್ಕಶಾಸ್ತ್ರದ ಮೇಷ್ಟ್ರಿಗಿಂತ ಹೊರಗಿನವನು ಎಲ್ಲಿ ಸಿಗುತ್ತಾನೆ?

ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ನಿದ್ದೆ ಕೆಟ್ಟಿತು. ಇದಕ್ಕೆ ಕಾರಣ ನನ್ನ ಅಕ್ಕ. ನನಗೆ ಈಜು ಕಲಿಸಿದ್ದು ನಮ್ಮಪ್ಪ ಎಂದು ನಾನು ಜೀವಮಾನವಿಡೀ ಹೇಳಿಕೊಂಡು ಬಂದಿದ್ದೆ. ಹೊಟ್ಟೆಯ ಕೆಳಗೆ ಅವರ ಅಂಗೈ, ನೀರಿನ ತಂಪು, ಬೆರಳಿನ ಉಂಗುರ, ಎಲ್ಲವೂ ನೆನಪಿದೆ. ಎರಡು ವರ್ಷದ ಹಿಂದೆ ಅಕ್ಕ ಸಹಜವಾಗಿ, "ಅಪ್ಪನಿಗೆ ಈಜೇ ಬರುತ್ತಿರಲಿಲ್ಲವಲ್ಲೋ. ನೀರು ಕಂಡರೆ ದೂರ ನಿಲ್ಲುತ್ತಿದ್ದರು. ನಿನಗೆ ಕಲಿಸಿದ್ದು ಪಕ್ಕದ ಮನೆ ರಂಗಣ್ಣ" ಎಂದಳು. ಅಂದಿನಿಂದ ನಾನು ನನ್ನ ನೆನಪನ್ನು ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿಯನ್ನು ನೋಡುವಂತೆ ನೋಡುತ್ತೇನೆ. ಮರೆವು ನನ್ನ ತೊಂದರೆಯೇ ಅಲ್ಲ. ತೀರ ಚೆನ್ನಾಗಿ ನೆನಪಿರುವುದೇ ತೊಂದರೆ.

ಕಾತ್ರಜ

ಶನಿವಾರ ಬೆಳಿಗ್ಗೆ ಏಳಕ್ಕೆ ಪುಣೆಯ ಅಂಚಿನ ಕಾತ್ರಜದಲ್ಲಿ ಮೈಸೂರಿನ ಬಸ್ಸಿನಿಂದ ಇಳಿದಾಗ ಜಿಟಿಜಿಟಿ ಮಳೆ. ದೇಸಾಯಿ ದಂಪತಿ ಕರೆದೊಯ್ಯಲು ಬಂದಿರಲಿಲ್ಲ. ಬಸ್ಸು ಹತ್ತಿ ಬರ್ರಿ, ಅದೂ ಪ್ರವಾಸದ ಭಾಗ ಎಂದು ಮೊದಲೇ ತಿಳಿಸಿದ್ದರು. ನಾನು ಪುಣೆಯ ಬಸ್ಸುಗಳನ್ನು ಬಲ್ಲವನ ಠೀವಿಯಲ್ಲಿ, ನಾಗರಿ ಅಂಕಿಗಳನ್ನು ಓದಿಕೊಂಡು, ಒಂದು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ನಾಲ್ಕು ಸ್ಟಾಪು ದಾಟಿದ ಮೇಲೆ ಊರು ತೆಳ್ಳಗಾಗತೊಡಗಿತು. ಗುಡ್ಡ ಹತ್ತಿರ ಬಂತು. ನಾನು ಊರ ಹೊರಗೆ ಹೋಗುತ್ತಿದ್ದೆ.

ಪಕ್ಕದಲ್ಲಿದ್ದ ಹಿರಿಯರಿಗೆ ನನ್ನ ಹಳೆಯ ಮರಾಠಿಯಲ್ಲಿ ವಿಷಯ ತಿಳಿಸಿದೆ. ಅವರು ಮೊದಲು ನನ್ನ ವ್ಯಾಕರಣ ತಿದ್ದಿದರು. ಆಮೇಲೆ ನಾಲ್ಕು ಸ್ಟಾಪು ಸುಮ್ಮನೆ ಕೂತದ್ದಕ್ಕೆ ಬೈದರು. ಆಮೇಲೆ ತಮ್ಮ ಸ್ಟಾಪು ಅಲ್ಲದಿದ್ದರೂ ನನ್ನ ಜೊತೆ ಇಳಿದು, ರಸ್ತೆ ದಾಟಿಸಿ, ಎದುರಿನ ಬಸ್ಸಿಗೆ ಹತ್ತಿಸಿ, ಕಂಡಕ್ಟರಿಗೆ ನನ್ನನ್ನು ಒಪ್ಪಿಸಿದರು. "ಇವರನ್ನು ಸ್ವಾರಗೇಟಿನಲ್ಲಿ ಇಳಿಸು, ಇವರು ತಾವಾಗಿ ಇಳಿಯುವುದಿಲ್ಲ." ನಾನು ಧನ್ಯವಾದ ಹೇಳುವಷ್ಟರಲ್ಲಿ ಛತ್ರಿ ಬಿಚ್ಚಿಕೊಂಡು ಹೊರಟುಹೋಗಿದ್ದರು.

ಮೈಸೂರಿನಲ್ಲಿ ದಾರಿ ಕೇಳಿದರೆ ಗೊತ್ತಿಲ್ಲದವರೂ "ಹೀಗೇ ಸೀದಾ ಹೋಗಿ" ಎನ್ನುತ್ತಾರೆ. ಕೇಳಿದವರ ಮನಸ್ಸು ನೋಯಬಾರದು ಎಂಬ ಸೌಜನ್ಯ. ಪುಣೆಯಲ್ಲಿ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಾರೆ, ಅದನ್ನೂ ನಿಮ್ಮ ತಪ್ಪು ಎಂಬಂತೆ. ಯೌವನದಲ್ಲಿ ಇದು ನನಗೆ ಒರಟುತನ ಅನ್ನಿಸಿತ್ತು. ಈ ಸಲ ಹಾಗೆ ಅನ್ನಿಸಲಿಲ್ಲ.

ಟೇಕಡಿ

ಭಾನುವಾರ ದೇಸಾಯಿಯವರ ಗುಂಪು ದೂರ ಹೋಗದೆ ಮನೆಯ ಹಿಂದಿನ ಟೇಕಡಿಯನ್ನೇ ಹತ್ತಿತು. ಟೇಕಡಿ ಎಂದರೆ ಊರ ನಡುವೆ ಎದ್ದ ಗುಡ್ಡ. ಮೋಟಾರು ಕೆಳಗೇ ನಿಲ್ಲಬೇಕು. ಬುಡದಲ್ಲಿ ಯಾರೋ ಕೈಯಲ್ಲಿ ಬರೆದು ತೂಗುಹಾಕಿದ ಫಲಕ: "ಇಲ್ಲಿ ಕಸ ಎಸೆಯುವವರು ತಮ್ಮ ಮನೆಯ ವಿಳಾಸವನ್ನೂ ಎಸೆಯಬೇಕು. ಕಸವನ್ನು ಮನೆಗೆ ತಲುಪಿಸಲಾಗುವುದು."

ಮೇಲೆ ಹಸಿರು, ಮಂಜು, ನವಿಲಿನ ಕೂಗು. ಜೊತೆಗೆ ಅರ್ಧ ಊರು. ನಮ್ಮ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಜನ ಮುಗುಳ್ನಕ್ಕು ಮುಂದೆ ಹೋಗುತ್ತಾರೆ. ಇಲ್ಲಿ ವಿಚಾರಣೆ ಮಾಡುತ್ತಾರೆ. ಕಿವಿ ಮುಚ್ಚುವ ಟೋಪಿಯ ಒಬ್ಬರು ನನ್ನನ್ನು ತಡೆದು ನಿಲ್ಲಿಸಿ, "ಹೊಸಬರಾ? ಸಕ್ಕರೆ ಕಾಯಿಲೆಯಾ?" ಎಂದರು. ಇಲ್ಲ ಎಂದೆ. "ಹಾಗಾದರೆ ಯಾಕೆ ನಡೆಯುತ್ತಿದ್ದೀರಿ?" ಎಂದು ನಿಜವಾಗಿ ತಿಳಿಯಬಯಸುವ ದನಿಯಲ್ಲಿ ಕೇಳಿದರು.

ತುದಿಯಲ್ಲಿ ದುರ್ಬೀನು ಹಿಡಿದ ಒಬ್ಬ ಎತ್ತರದ ಮನುಷ್ಯ ಮಂದಾಕಿನಿಯವರಿಗೆ ನಮಸ್ಕಾರ ಮಾಡಿದರು. ಬಾಲದಂಡೆ ಹಕ್ಕಿ ಎಲ್ಲಿ ಕೂತಿದೆ ಎಂದು ಪಿಸುಮಾತಿನಲ್ಲಿ ತೋರಿಸಿದರು. ನಾವೂ ನೋಡಿದೆವು. ಅವರು ಹೋದಮೇಲೆ ಮಂದಾಕಿನಿ, "ಅವರ ದಾಂಡೇಕರ. ಆ ಸೊಸೈಟಿ ಸೆಕ್ರೆಟರಿ. ಗೇಟ್ ಹಾಕಿಸಿದವರು" ಎಂದರು.

"ಇಷ್ಟು ಒಳ್ಳೆಯವರ ಹಾಗೆ ಕಾಣ್ತಾರಲ್ಲ?"

"ಒಳ್ಳೆಯವರ ಇದ್ದಾರ್ರೀ. ಅದಕ್ಕ ಭಾಳ ತ್ರಾಸ ಆಗೇದ. ಹೋದ ವರ್ಷ ಅವರ ಸೊಸೈಟಿ ಹೆಂಗಸೊಬ್ಬಾಕಿ ಕೊರಳಿಂದ ಸರಾ ಕಿತಗೊಂಡು ಯಾವನೋ ಆ ದಾರಿಯಿಂದನ ಓಡಿಹೋದ. ಆವತ್ತಿಂದ ಇವರಿಗೆ ನಿದ್ದಿ ಇಲ್ಲ. ದಿನಾ ಕಾರ್ ತೊಗೊಂಡು ಇಲ್ಲಿಗೆ ನಡೀಲಿಕ್ಕೆ ಬರ್ತಾರ, ತಮ್ಮ ಮನಿ ಹಿಂದಿನ ಕಾಡಿಗೆ ಹೋಗಂಗಿಲ್ಲ."

ಕೊನೆಯ ಸ್ಟಾಪು

ಸೋಮವಾರ ಮಧ್ಯಾಹ್ನ ನಾನು, ಪ್ರಹ್ಲಾದ, ಮಂದಾಕಿನಿ ಆ ಬಸ್ಸು ಹತ್ತಿದೆವು. ಸ್ಟಾಪಿನ ಹೆಸರು ಬರೆಯುವುದಿಲ್ಲ. ವಿಚಾರಣೆ ಇನ್ನೂ ನಡೆಯುತ್ತಿದೆ. ಊರು ಮುಗಿಯುತ್ತ ಬಂದಂತೆ ಬಸ್ಸು ಖಾಲಿಯಾಯಿತು. ಕೊನೆಗೆ ನಾವು ಮೂವರು, ಕೊತ್ತಂಬರಿ ಬುಟ್ಟಿಯ ಒಬ್ಬಾಕೆ, ಕಂಡಕ್ಟರು. ಇಳಿದ ಕಡೆ ಒಂದು ತಗಡಿನ ಅಂಗಡಿ. ಅಲ್ಲೇ ಚಹಾ, ಅಲ್ಲೇ ಸೈಕಲ್ ಪಂಕ್ಚರು. ಅದರ ಪಕ್ಕ ಸೊಸೈಟಿಯ ಕಾಂಪೌಂಡು. ಕಾಂಪೌಂಡಿನ ಮಗ್ಗುಲಲ್ಲಿ ಹೊಸ ಕಬ್ಬಿಣದ ಗೇಟು, ಅದರೊಳಗೆ ಒಬ್ಬರು ದಾಟುವಷ್ಟು ಚಿಕ್ಕ ಬಾಗಿಲು. ಬುಧವಾರದ ತನಕ ಅದನ್ನು ತೆರೆದಿಡಲು ಒಪ್ಪಿದ್ದರಂತೆ.

ಬಾಗಿಲು ದಾಟಿದರೆ ಕಾಡು. ದೊಡ್ಡ ಕಾಡೇನಲ್ಲ. ಸುಬಾಬುಲ್, ಬಿದಿರು, ಅಲ್ಲಲ್ಲಿ ಹುಣಸೆ, ಕೆಳಗೆ ಕೊಳೆತ ನೇರಳೆ ಹಣ್ಣಿನ ಘಾಟು. ಕೆಸರಿನ ಕಾಲುದಾರಿ ನಿಧಾನವಾಗಿ ಇಳಿಯುತ್ತದೆ. ಹದಿನೈದು ನಿಮಿಷಕ್ಕೆ ವಾಹನಗಳ ಸದ್ದು ಪೂರ್ತಿ ಅಡಗಿ, ನೀರಿನ ಸದ್ದು ಏಳುತ್ತದೆ. ಮುಠಾ ಕೆಂಪಗೆ ತುಂಬಿ ಹರಿಯುತ್ತಿತ್ತು. ಹಿಂದಿನ ನೆರೆ ಎಲ್ಲಿಯವರೆಗೆ ಬಂದಿತ್ತು ಎಂದು ಮರದ ಕೊಂಬೆಗಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕು ತೋರಿಸುತ್ತಿತ್ತು. ಆದರೂ ಚೆಂದ. ಮಿಂಚುಳ್ಳಿಯೊಂದು ನೀರಿಗೆ ಬಿದ್ದು ಎದ್ದು ಹೋಯಿತು.

ಎಡಕ್ಕೆ ಆಲದಮರ ಇರಲಿಲ್ಲ. ಬಲಕ್ಕೂ ಇರಲಿಲ್ಲ. ಕಡಿದ ಬೊಡ್ಡೆಯ ಗುರುತೂ ಇಲ್ಲ. ಕಲ್ಲಿನ ಮೆಟ್ಟಿಲ ಜಾಗದಲ್ಲಿ ಕೆಂಪು ಮಣ್ಣಿನ ಇಳಿಜಾರು, ಅದರಲ್ಲಿ ಬೆರಳುಗಳ ಗುರುತು ಸಮೇತ ಬರಿಗಾಲಿನ ಹೆಜ್ಜೆಗಳು. ನಾನು ಮೂರು ಸಲ ಮೇಲೆ ಕೆಳಗೆ ನಡೆದೆ. ಮೆಟ್ಟಿಲಾಗಿದ್ದ ಕಲ್ಲೊಂದಾದರೂ ಸಿಗಬೇಕಿತ್ತು.

ಆಗ ಮೇಲಿನಿಂದ ಒಬ್ಬಾಕೆ ಬಂದಳು. ಮೂವತ್ತರ ಆಸುಪಾಸು, ಎತ್ತಿ ಕಟ್ಟಿದ ಸೀರೆ, ರಬ್ಬರ್ ಚಪ್ಪಲಿ, ಕೈಯಲ್ಲಿ ಡಬ್ಬಿಯ ಚೀಲ. ನಮ್ಮ ಮಾತು ಕಿವಿಗೆ ಬಿದ್ದು ನಿಂತಳು.

"ಕನ್ನಡದವರೇನ್ರಿ? ನಮ್ಮ ತವರಮನಿ ಗಡಿಯಾಗ, ಜತ್ತ ಕಡೆ ಐತ್ರಿ."

ಅವಳ ಹೆಸರು ಸುನಂದಾ, ವಾಡಿಯ ಸೊಸೆ. ಊರಿನ ಆಚೆ ತುದಿಯ ಮಗರಪಟ್ಟಾದ ಒಂದು ಆಫೀಸಿನಲ್ಲಿ ನೆಲ ಒರೆಸುವ ಕೆಲಸ. ಬೆಳಿಗ್ಗೆ ಆರೂ ಹತ್ತರ ಬಸ್ಸು ಹಿಡಿದರೆ ಮಾತ್ರ ಏಳೂವರೆಗೆ ತಲುಪುತ್ತಾಳೆ.

"ಹೋದ ತಿಂಗಳ ಎಂಟ ದಿನ ಗೇಟ ಮುಚ್ಚಿದ್ರು ನೋಡ್ರಿ. ಕತ್ತಲದಾಗ ಎದ್ದು ಹೈವೇ ಗುಂಟ ಸುತ್ತ ಹಾಕಿ ಬಂದೆ. ಲಾರಿ ಮೈಮ್ಯಾಲೇ ಬರ್ತಾವ. ಆದ್ರೂ ಮೂರ ಸಲ ಬಸ್ ತಪ್ಪಿತು. ಇನ್ನೊಂದ ಸಲ ಲೇಟ ಆದ್ರ ಬರಬ್ಯಾಡ ಅಂದಾನ್ರಿ ಸೂಪರ್‌ವೈಜರ." ನನ್ನ ಮುಖ ನೋಡಿದಳು. "ಸಾಹೇಬ್ರಿಗೆ ಹೇಳಾವ್ರು ನೀವೇ ಏನ್ರಿ? ಮಂದಾಕಿನಿಬಾಯಿಯವ್ರು ಹೇಳ್ಯಾರ. ಮೈಸೂರಿಂದ ಒಬ್ರು ಬರ್ತಾರ, ಅವ್ರು ಹೇಳಿದ್ರ ಮುಗೀತು ಅಂತ."

ನಾನು ಏನೋ ಗೊಣಗಿದೆ. ಅವಳು ಅದನ್ನು ಹೌದು ಎಂದೇ ತಿಳಿದುಕೊಂಡು ಇಳಿಜಾರಿನಲ್ಲಿ ಸರಸರ ಇಳಿದುಹೋದಳು.

ವಾಪಸು ಬಸ್ಸಿನಲ್ಲಿ

ಮಂದಾಕಿನಿ ಮುಂದೆ ಹೆಂಗಸರ ಸೀಟಿನಲ್ಲಿ ಕೂತಿದ್ದರು. ಪ್ರಹ್ಲಾದ ನನ್ನ ಪಕ್ಕ. ಪಿಂಪ್ರಿ-ಚಿಂಚವಾಡದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಜೀವಮಾನ ಕಳೆದವನು, ಮಾತು ಕಡಿಮೆ. ನಾನು ಮೆಲ್ಲಗೆ ಕೇಳಿದೆ.

"ಪ್ರಹ್ಲಾದ, ಅವತ್ತು ನಾವಿಬ್ಬರೂ ಜೊತೇಲೇ ಹೋಗಿದ್ವಲ್ಲ? ಆಲದಮರ ಎಲ್ಲಿತ್ತು?"

ಅವನು ಕೈಯಲ್ಲಿದ್ದ ಟಿಕೇಟನ್ನು ನಾಲ್ಕು ಮಡಿಕೆ ಮಾಡಿದ.

"ಒಂದ್ ಮಾತ ಹೇಳ್ಲೇನೋ? ನಾ ಬಂದಿದ್ದು ನನಗ ನೆನಪಿಲ್ಲ."

"ಮತ್ತೆ ಮಂದಾಕಿನಿಯವರು ನೀನೂ ಹೌದು ಅಂದೆ ಅಂತಾರೆ?"

"ನೀ ಆ ಮದುವಿ ಊಟದಾಗ ಹೇಳಿದಿ. ನಾ ಹೂಂ ಅಂದೆ. ಬಾಯಾಗ ಹೋಳಿಗಿ ಇತ್ತು." ಮುಂದಿನ ಸೀಟಿನ ಹೆಂಡತಿಯ ಕಡೆ ಕಣ್ಣು ತೋರಿಸಿ, "ಮನಿಗೆ ಹೋದಮ್ಯಾಲೆ ಆಕಿ ಹತ್ತ ಸಲ ಕೇಳಿದ್ಲು. ಈಗ ನನಗೂ ಆ ಆಲದಮರ ಕಾಣಸ್ತದ ನೋಡು" ಎಂದ.

ಅಂದರೆ ಇದ್ದ ಇಬ್ಬರು ಸಾಕ್ಷಿಗಳೂ ನಾನೇ ಆಗಿದ್ದೆ.

ಮನೆಯಲ್ಲಿ ಮೇಜಿನ ಮೇಲೆ ನನ್ನ ಹೇಳಿಕೆ ಟೈಪಾಗಿ ಸಿದ್ಧವಿತ್ತು, ಆಲ ಮೆಟ್ಟಿಲುಗಳ ಸಮೇತ. ನಾನು ಅದಕ್ಕೆ ಸಹಿ ಮಾಡಲಾರೆ ಎಂದೆ. ಮಂದಾಕಿನಿ ಕೂಗಾಡಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಸುಳ್ಳ ಹೇಳ್ರಿ ಅಂತ ನಾ ಅನ್ನಂಗಿಲ್ಲ. ಆದ್ರ ಮೂರ್ತಿಯವರ, ಸಂಶಯ ಅನ್ನೂದು ನಿಮಗ ಹವ್ಯಾಸ. ಆಕೀದು ನೌಕರಿ ಅದ."

ಊಟದ ಹೊತ್ತಿಗೆ ನನ್ನ ತಟ್ಟೆಗೆ ಮಾಮೂಲಿನಂತೆ ಎರಡನೆಯ ಸಲ ರೊಟ್ಟಿ ಬಿತ್ತು. ಬಡಿಸಿದವರ ಕಣ್ಣು ಮಾತ್ರ ಗೋಡೆಯ ಕಡೆಗಿತ್ತು.

ಮತ್ತೆ ಅಲ್ಲಿಗೇ

ಮಂಗಳವಾರ ಒಬ್ಬನೇ ಹೋದೆ. ಬೇರೆ ಕವಲುದಾರಿಯೊಂದಿದ್ದು ನನ್ನ ಆಲದಮರ ಅಲ್ಲಿರಬಹುದು ಎಂಬ ಆಸೆ. ಮಗಳು ಕೊಡಿಸಿದ ಬಿಳಿ ಬೂಟು ಹಾಕಿಕೊಂಡಿದ್ದೆ. ಬಿದಿರಿನ ಮೆಳೆಯ ಬಳಿ ಬಲಗಾಲು ಕೆಸರಿನಲ್ಲಿ ಮೊಣಕಾಲಿನವರೆಗೆ ಹೂತಿತು. ಎಳೆದೆ. ಕಾಲು ಬಂತು, ಬೂಟಿನ ಮೇಲ್ಭಾಗ ಬಂತು, ಅಟ್ಟೆ ಬರಲಿಲ್ಲ. ಅದನ್ನು ಹುಡುಕಲು ಬಗ್ಗಿದವನು ಕೂತೇಬಿಟ್ಟೆ. ಸುತ್ತ ಯಾರೂ ಇಲ್ಲದ್ದು ನೋಡಿ ಸಮಾಧಾನವಾಯಿತು. ಎದುರಿಗೆ ಒಂದು ನಾಯಿ ಇತ್ತು, ಅದು ಮುಖ ತಿರುಗಿಸಿಕೊಂಡಿತು.

ಒಂದು ಕಾಲು ಬರಿಗಾಲಾಗಿ ಕುಂಟುತ್ತ ಸ್ಟಾಪಿಗೆ ಬಂದಾಗ ಅಂಗಡಿಯ ಬಬನರಾವ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಈ ಬೂಟಿನಲ್ಲಿ ಯಾರಾದರೂ ಮಳೆಗಾಲದಲ್ಲಿ ಆ ದಾರಿಗೆ ಇಳಿಯುತ್ತಾರೆಯೇ? ಪೇಟೆಯ ಬೂಟನ್ನು ಇಲ್ಲಿ ಬಿಟ್ಟುಹೋಗಬೇಕು. ಅಷ್ಟೂ ತಿಳಿಯದೆ?"

ಒಂದು ಬಕೆಟ್ ನೀರು ಕೊಟ್ಟರು. ಆಮೇಲೆ ಒಳಗಿನಿಂದ ರಬ್ಬರ್ ಚಪ್ಪಲಿ ತೆಗೆದು ಮುಂದೆ ಎಸೆದರು. ಎಲ್ಲಿಂದ ತೆಗೆದರು ಎಂದು ಬಗ್ಗಿ ನೋಡಿದೆ. ಅಂಗಡಿಯ ಹಿಂದಿನ ಗೋಡೆಗೆ ಒತ್ತಿಕೊಂಡು, ಎದೆಯೆತ್ತರದ ಒಂದು ಮರದ ಕಪಾಟು. ಅದರ ತುಂಬ ಚೌಕದ ಗೂಡುಗಳು. ಒಂದೊಂದು ಗೂಡಿನಲ್ಲಿ ಒಂದೊಂದು ಜೊತೆ. ಕೆಲವದರಲ್ಲಿ ಕೆಸರು ಹಿಡಿದ ಚಪ್ಪಲಿ, ಕೆಲವದರಲ್ಲಿ ಪ್ಲಾಸ್ಟಿಕ್ಕು ಸುತ್ತಿದ ಹೊಳೆಯುವ ಬೂಟು. ಪ್ರತಿ ಗೂಡಿನ ಮೇಲೂ ಬಣ್ಣದಲ್ಲಿ ಒಂದು ಗುರುತು: ಎಲೆ, ಬಳೆ, ತ್ರಿಶೂಲ, ಮೀನು, ನಕ್ಷತ್ರ.

ವಾಡಿಯವರ ಪದ್ಧತಿ ಅದು. ನದಿಯಿಂದ ಹಳೆಯ ಚಪ್ಪಲಿಯಲ್ಲಿ ಕೆಸರು ತುಳಿದು ಬರುತ್ತಾರೆ. ಇಲ್ಲಿ ಕಾಲು ತೊಳೆದು, ಪೇಟೆಯ ಜೋಡು ಹಾಕಿಕೊಂಡು ಬಸ್ಸು ಹತ್ತುತ್ತಾರೆ. ಸಂಜೆ ಮತ್ತೆ ಅದಲು ಬದಲು. ಓದಲು ಬಾರದವರಿಗೆಂದು ಗುರುತುಗಳನ್ನು ಹಾಕಿದ್ದು ಬಬನರಾವ್ ಅವರ ತಂದೆ. ತಂದೆ ಈಗಿಲ್ಲ. ಗೂಡುಗಳು ಅತ್ತೆಯಿಂದ ಸೊಸೆಗೆ, ಅಪ್ಪನಿಂದ ಮಗನಿಗೆ ಬಂದಿವೆ. ದಾರಿಹೋಕರು ಬಂದರೆ ಎರವಲೂ ಕೊಡುತ್ತಾರೆ, ತೊಳೆದು ತಂದಿಡಬೇಕು, ಅಷ್ಟೇ.

"ಇದು ಸೊಸೈಟಿಗಿಂತ ಹಳೆಯದೇ?"

"ಬಹಳ ಹಳೆಯದು."

"ಮತ್ತೆ ನೀವು ಯಾಕೆ ಯಾರಿಗೂ ಹೇಳಲಿಲ್ಲ?"

"ನಾನೂ ವಾಡಿಯವನೇ. ನನ್ನ ಮಾತು ಯಾರು ಕೇಳುತ್ತಾರೆ? ಭಾನುವಾರದವರು ಬರುತ್ತಾರೆ, ಚಹಾ ಕುಡಿಯುತ್ತಾರೆ, ಹಕ್ಕಿಯ ಹೆಸರು ಬರೆದುಕೊಳ್ಳುತ್ತಾರೆ. ಚಪ್ಪಲಿ ಬಗ್ಗೆ ಯಾರೂ ಕೇಳಲಿಲ್ಲ."

ಅದು ನಿಜವೇ. ಮಂದಾಕಿನಿಯವರ ಗುಂಪಿನ ಕಡತ ನಾನು ನೋಡಿದ್ದೆ. ಅದರಲ್ಲಿ ಮರಗಳ ಪಟ್ಟಿ, ಚಿಟ್ಟೆಗಳ ಚಿತ್ರ, ಉಪಗ್ರಹದ ನಕ್ಷೆ, ಎಲ್ಲ ಇತ್ತು. ಆ ದಾರಿಯಲ್ಲಿ ದಿನವೂ ನಡೆಯುವ ಕಾಲುಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವರು ಒಳ್ಳೆಯ ಚಾರಣದ ಬೂಟು ಹಾಕಿಕೊಂಡು ಬರುವ ಜನ. ಅವರಿಗೆ ಜೋಡು ಬದಲಿಸುವ ಅಗತ್ಯವೇ ಬಂದಿರಲಿಲ್ಲ.

ಬುಧವಾರ

ಅಧಿಕಾರಿ ಸ್ಕೂಟರಿನಲ್ಲಿ ಬಂದರು. ನಲವತ್ತರ ಹೆಂಗಸು, ಹಸಿರು ರೈನ್‌ಕೋಟು, ಪ್ಲಾಸ್ಟಿಕ್ ಚೀಲದಲ್ಲಿ ಕಡತ. ಎಲ್ಲರೂ ಮ್ಯಾಡಮ್ ಎನ್ನುತ್ತಿದ್ದರು. ದಾಂಡೇಕರ ಸೊಸೈಟಿಯ ನಕ್ಷೆ ಹಿಡಿದು ನಿಂತಿದ್ದರು. ವಾಡಿಯ ಏಳೆಂಟು ಜನ ಅಂಗಡಿಯ ಚಾವಣಿಯಡಿ. ಅದೇ ಹೊತ್ತಿಗೆ ಬಂದ ಬಸ್ಸಿನಿಂದ ಸುನಂದಾ ಇಳಿದು ಅವರ ಜೊತೆ ಸೇರಿಕೊಂಡಳು.

ಮ್ಯಾಡಮ್ ನನ್ನನ್ನು ಕರೆದರು. ಮರಾಠಿಯಲ್ಲೇ ಪ್ರಶ್ನೆ. "ಸೊಸೈಟಿ ಬರುವ ಮುಂಚೆ ನೀವು ಈ ದಾರಿಯಲ್ಲಿ ನಡೆದಿದ್ದೀರಾ?"

"ನಡೆದೆ ಅಂತ ನೆನಪು. ಆದರೆ ನನ್ನ ನೆನಪಿನಲ್ಲಿರುವ ಆಲದಮರ, ಕಲ್ಲಿನ ಮೆಟ್ಟಿಲು ಇಲ್ಲಿಲ್ಲ. ನಾನು ನಡೆದದ್ದು ಬೇರೆ ದಾರಿ ಇರಬಹುದು. ನನ್ನ ಮಾತನ್ನು ಬರೆದುಕೊಳ್ಳಬೇಡಿ."

ದಾಂಡೇಕರ ಅಚ್ಚರಿಯಿಂದ ನನ್ನ ಕಡೆ ತಿರುಗಿದರು. ಮಂದಾಕಿನಿ ರಸ್ತೆಯ ಕಡೆ ನೋಡುತ್ತಿದ್ದರು. ಸುನಂದಾ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹೀಗೇ ಆಗುತ್ತದೆ ಎಂದು ಮೊದಲೇ ಗೊತ್ತಿದ್ದವರ ನೋಟ.

"ಒಂದು ವಸ್ತು ಇದೆ, ಅದನ್ನು ನೋಡಿ" ಎಂದೆ. ಎಲ್ಲರನ್ನೂ ಅಂಗಡಿಯೊಳಗೆ ಕರೆದೆ.

ಕಪಾಟು ನೋಡಿದ್ದೇ ಪ್ರಹ್ಲಾದ ಕೂಗಿದ. ಅವನು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಅಯ್ಯ! ಇವು ನಮ್ಮ ಫ್ಯಾಕ್ಟರಿ ಪೆಟ್ಟಿಗಿ ಹಲಗಿ!" ಗೂಡಿನೊಳಗೆ ಕೈ ಹಾಕಿ ಹಲಗೆಯ ಮೇಲಿನ ಮಾಸಿದ ಕಪ್ಪು ಬಾಣದ ಗುರುತು ತೋರಿಸಿದ. ತಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಂತ್ರಗಳು ಇಂಥ ಪೆಟ್ಟಿಗೆಯಲ್ಲಿ ಬರುತ್ತಿದ್ದವು, ಆಮೇಲೆ ಕಬ್ಬಿಣದ ಚೌಕಟ್ಟು ಬಂತು, ಎಂದು ಮರಾಠಿಯಲ್ಲಿ ವಿವರಿಸಿದ. ವಾಡಿಯಿಂದ ಯಾರೋ ಆ ಕಾರ್ಖಾನೆಗೆ ಹೋಗುತ್ತಿದ್ದರು ಎಂದು ಬಬನರಾವ್ ತಲೆಯಾಡಿಸಿದರು.

ಮ್ಯಾಡಮ್ ಸಮಾಧಾನದಿಂದ ಕೇಳಿ, "ಹಳೆಯ ಹಲಗೆಯಿಂದ ನಿನ್ನೆ ಕೂಡ ಕಪಾಟು ಮಾಡಬಹುದಲ್ಲ?" ಎಂದರು.

ನಾನು ತರಗತಿಯಲ್ಲಿ ಕೇಳುತ್ತಿದ್ದ ಪ್ರಶ್ನೆ ಅದು. ಪ್ರಹ್ಲಾದ ಸಪ್ಪಗಾದ. ಮಳೆ ಜೋರಾಯಿತು. ಮಾತು ಮುಗಿಯಿತು ಎಂದುಕೊಂಡಳೋ ಏನೋ, ಸುನಂದಾ ಮನೆಗೆ ಹೊರಟಳು. ಎಂದಿನಂತೆ ಕಪಾಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕಪ್ಪು ಬೂಟು ಬಿಚ್ಚಿ ಒರೆಸಿ, ಮೀನಿನ ಗೂಡಿನಿಂದ ರಬ್ಬರ್ ಚಪ್ಪಲಿ ತೆಗೆದು, ಬೂಟನ್ನು ಅಲ್ಲಿಟ್ಟಳು.

ದಾಂಡೇಕರ ಅದನ್ನು ನೋಡುತ್ತಿದ್ದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಒಂದು ನಿಮಿಷ" ಎಂದು ಜೇಬಿನಿಂದ ಫೋನು ತೆಗೆದು, ಮನೆಯಲ್ಲಿದ್ದ ಹೆಂಡತಿಗೆ ಮಾಡಿ, ಎಲ್ಲರಿಗೂ ಕೇಳುವಂತೆ ಹಿಡಿದರು.

"ಇವಳೇ, ಒಂದು ಕೇಳುತ್ತೇನೆ, ಯೋಚನೆ ಮಾಡಿ ಹೇಳು. ನಾವು ಮೊಟ್ಟಮೊದಲು ಪ್ಲಾಟು ನೋಡಲು ಬಂದೆವಲ್ಲ, ಆವತ್ತು ನಿನ್ನ ಕಾಲಲ್ಲಿ ಏನಿತ್ತು?"

ಆ ಕಡೆಯಿಂದ ಕುಕ್ಕರಿನ ಸೀಟಿ. ಆಮೇಲೆ ಹೆಂಗಸಿನ ದನಿ. "ನನ್ನ ಹೊಸ ಸ್ಯಾಂಡಲ್ಲು. ನೀವು ಮಳೆಯಲ್ಲಿ ಕರೆದುಕೊಂಡು ಬಂದಿದ್ದಿರಿ. ಚಹಾದ ಅಂಗಡಿಯ ಮುದುಕ ಅದನ್ನು ಬಿಚ್ಚಿಸಿ ಬೇರೆ ಚಪ್ಪಲಿ ಕೊಟ್ಟ. ಮೀನಿನ ಚಿತ್ರದ ಗೂಡಿನದು. ವಾಸನೆಯೂ ಮೀನಿನದೇ. ಈಗ್ಯಾಕೆ ಅದು?"

"ಆಗ ಅಲ್ಲಿ ಏನಾದರೂ ಕಟ್ಟಿದ್ದರಾ?"

"ಕಟ್ಟುವುದೇನು, ನಾಲ್ಕು ಕಲ್ಲು ನೆಟ್ಟಿದ್ದರು. ವಾಡಿಯ ಜನ ಹೋಗುವ ದಾರಿ ಹಿಡಿದು ಹೋಗಿ ಅಂತ ಆ ಮುದುಕನೇ ಹೇಳಿದ. ನೀವು ಮುಂದೆ, ನಾನು ಹಿಂದೆ ಜಾರುತ್ತ. ಬರುವಾಗ ಬೆಂಡೆಕಾಯಿ ತನ್ನಿ."

ಮೀನು ಎಂಬ ಮಾತನ್ನು ದಾಂಡೇಕರ ಅವಳಿಗೆ ಹೇಳಿರಲಿಲ್ಲ. ದಾರಿ ಎಂಬ ಮಾತನ್ನೂ ಹೇಳಿರಲಿಲ್ಲ. ಮೂವತ್ತು ವರ್ಷ ತರ್ಕ ಪಾಠ ಮಾಡಿದ ನಾನು ಇಷ್ಟು ಶುದ್ಧವಾಗಿ ಸಾಕ್ಷಿಯನ್ನು ಕೇಳಿದವರನ್ನು ಕಂಡಿರಲಿಲ್ಲ. ನನ್ನ ನೆನಪು ಕರೆಯದೇ ಬಂದಿತ್ತು, ಊಟದ ಎಲೆಯ ಮುಂದೆ, ಹೋಳಿಗೆಯ ಜೊತೆ. ಈ ಮನುಷ್ಯನಿಗೆ ನೆನಪು ಬಂದದ್ದು ಅವನಿಗೆ ಬೇಡವಾದ ಹೊತ್ತಿನಲ್ಲಿ. ಆದರೂ ಅವನು ಅದನ್ನು ಬಾಗಿಲಿನಲ್ಲೇ ತಡೆಯಲಿಲ್ಲ.

"ಬರೆದುಕೊಳ್ಳಿ" ಎಂದರು ಮ್ಯಾಡಮ್‌ಗೆ. "ದಾರಿ ಇತ್ತು. ನಾನು ಮರೆತಿದ್ದೆ."

"ಸೊಸೈಟಿಯವರು ನಿಮ್ಮನ್ನು ಸೆಕ್ರೆಟರಿ ಕೆಲಸದಿಂದ ತೆಗೆಯುತ್ತಾರೆ" ಎಂದರು ಬಬನರಾವ್.

"ತೆಗೆಯಲಿ. ಆರು ವರ್ಷದಿಂದ ಬೇರೆಯವರನ್ನು ಹುಡುಕುತ್ತಿದ್ದೇನೆ, ಯಾರೂ ಒಪ್ಪುತ್ತಿಲ್ಲ."

ಮ್ಯಾಡಮ್ ಅಂಗಡಿಯ ಬೆಂಚಿನ ಮೇಲೆ ಕೂತು ಪಂಚನಾಮೆ ಬರೆದರು. ಮುಂದಿನ ವಿಚಾರಣೆಯ ತನಕ ಚಿಕ್ಕ ಬಾಗಿಲು ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿರಬೇಕು. ಪಂಚರಾಗಿ, ಅಂದರೆ ಸ್ಥಳದ ಸಾಕ್ಷಿಗಳಾಗಿ, ಇಬ್ಬರು ಹೊರಗಿನವರ ಸಹಿ ಬೇಕಿತ್ತು. ಒಬ್ಬ ಬಸ್ಸಿನ ಕಂಡಕ್ಟರು. ಇನ್ನೊಬ್ಬ ನಾನು. ಇಂದು ಇಲ್ಲಿ ನಾನು ನೋಡಿದ್ದು, ಕೇಳಿದ್ದು ಇಷ್ಟು ಎಂಬುದರ ಕೆಳಗೆ ಸಹಿ ಹಾಕಿದೆ.

ವಾಪಸು ಬಸ್ಸಿನಲ್ಲಿ ಮಂದಾಕಿನಿ ಹೆಂಗಸರ ಸೀಟು ಬಿಟ್ಟು ನನ್ನ ಪಕ್ಕ ಬಂದು ಕೂತರು.

"ಎಂಟು ವರ್ಷಾತು ನೋಡ್ರಿ ನಾವು ಆ ಅಂಗಡಿಗೆ ಹೋಗ್ಲಿಕತ್ತು. ಹೋದಾಗೆಲ್ಲಾ ಆ ಕಪಾಟಿನ ಮ್ಯಾಲೇ ನನ್ನ ಚಹಾದ ಕಪ್ ಇಡತಿದ್ದೆ."

ಗುರುವಾರ

ನನ್ನ ಬಸ್ಸು ಸಂಜೆಗೆ. ಆದರೆ ಬೆಳಿಗ್ಗೆ ಐದಕ್ಕೇ ಎದ್ದು, ಊರಿನ ಮೊದಲ ಬಸ್ಸು ಹಿಡಿದು ಮತ್ತೆ ಅಲ್ಲಿಗೆ ಹೋದೆ. ಆದೇಶ ಕಾಗದದ ಮೇಲಿದ್ದರೆ ಬಾಗಿಲು ತೆರೆದಿದೆ ಎಂದು ಅರ್ಥವಲ್ಲ, ನೋಡಬೇಕು.

ಮೋಡ ಕವಿದು ಇನ್ನೂ ಮಬ್ಬು ಮಬ್ಬಾಗಿತ್ತು. ಚಿಕ್ಕ ಬಾಗಿಲು ತೆರೆದಿತ್ತು. ಪಕ್ಕದಲ್ಲಿ ಛತ್ರಿ ಹಿಡಿದು ದಾಂಡೇಕರ ನಿಂತಿದ್ದರು. ಅವರೂ ನೋಡಲು ಬಂದಿದ್ದರು. ವಾಚ್‌ಮನ್ ಮರೆತುಬಿಟ್ಟರೆ ಎಂಬ ಅನುಮಾನವಂತೆ. ನಾವಿಬ್ಬರೂ ಒಬ್ಬರಿಗೊಬ್ಬರು ನಮಸ್ಕಾರ ಮಾಡಿ ಒಂದೇ ಛತ್ರಿಯಡಿ ನಿಂತೆವು.

ಮರಗಳ ಕೆಳಗೆ ಒಂದು ಟಾರ್ಚು ಅಲುಗಾಡುತ್ತ ಬಂತು. ಹಿಂದೆ ಇನ್ನೊಂದು. ನಾಲ್ಕು ಹೆಂಗಸರು, ಇಬ್ಬರು ಗಂಡಸರು. ಸುನಂದಾ ಎಲ್ಲರಿಗಿಂತ ಮುಂದೆ. ಬಾಗಿಲು ದಾಟಿ ಅಂಗಡಿಗೆ ಓಡಿ, ಕಾಲು ತೊಳೆದು, ಬೂಟು ಏರಿಸಿ ಬಂದಳು. ಬಸ್ಸು ತಿರುಗಿ ನಿಂತಿತ್ತು. ಕಂಡಕ್ಟರು ಗಂಟೆಯ ಹಗ್ಗಕ್ಕೆ ಕೈ ಹಾಕಿದ್ದ. ನನ್ನನ್ನು ನೋಡಿ, "ಹೊಂಟೀರೇನ್ರಿ ಊರಿಗೆ?" ಎಂದಳು. ಹೌದೆಂದೆ. ಆಮೇಲೆ ದಾಂಡೇಕರರ ಎದುರಿಗೆ ನಿಂತಳು. ಇಷ್ಟು ವರ್ಷದಲ್ಲಿ ಅವರಿಬ್ಬರೂ ಮಾತಾಡಿದ್ದು ಅದೇ ಮೊದಲು ಎಂದು ಕಾಣುತ್ತದೆ.

"ಕಾಕಾ," ಎಂದಳು ಮರಾಠಿಯಲ್ಲಿ, "ಬಾಗಿಲು ತೆರೆದದ್ದು ಸರಿ. ಇಲ್ಲೊಂದು ದೀಪ ಹಾಕಿಸಿ. ಕತ್ತಲೆಯಲ್ಲಿ ಕಳ್ಳ ಯಾರು, ನಾವು ಯಾರು ಅಂತ ನಿಮಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ."

ದಾಂಡೇಕರ ಛತ್ರಿ ಸರಿಸಿ ಗೇಟಿನ ಕಂಬವನ್ನು ನೋಡಿದರು. ಅವರು ಪುಣೆಯ ಮನುಷ್ಯ.

"ಅರ್ಜಿ ಕೊಡಬೇಕಾಗುತ್ತದೆ. ಬರವಣಿಗೆಯಲ್ಲಿ."

"ನಾಳೆ ಆರಕ್ಕೆ ತರುತ್ತೇನೆ. ನೀವು ಇಲ್ಲೇ ಇರಿ" ಎಂದು ಹೇಳಿ ಅವಳು ಬಸ್ಸು ಹತ್ತಿದಳು.

ಬಸ್ಸಿನ ಗಂಟೆ ಎರಡು ಸಲ ಬಡಿಯಿತು. ನನ್ನ ಕೈಗಡಿಯಾರ ಆರೂ ಹತ್ತು ತೋರಿಸುತ್ತಿತ್ತು. ನಾನು ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಂಡೆ.